ಚಂದ್ರನ ಕೆಳಗಿದ್ದ ಹೆಸರು

ಚೌತಿಯ ದಿನ ಮಧ್ಯಾಹ್ನ ನನ್ನ ಮೊಮ್ಮಗಳ ಮೇಲೆ ಕಳ್ಳತನದ ಅಪವಾದ ಬಂತು. ಅವಳು ಮೆಲ್ಬರ್ನಿನಲ್ಲಿ ಕೂತು ಅಳುತ್ತಿದ್ದಳು. ನಾನು ಸಿಡ್ನಿಯ ಟೂಂಗಾಬಿಯಲ್ಲಿ ಮಗಳ ಅಡುಗೆಮನೆಯಲ್ಲಿ ಪಂಚಕಜ್ಜಾಯಕ್ಕೆ ಬೆಲ್ಲ ಹೆರೆಯುತ್ತಿದ್ದೆ. ಕದ್ದವಳು ಅವಳಲ್ಲ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆಲ್ಲ ಹೆರೆಯುತ್ತಲೇ ಇದ್ದೆ. ಒಂದು ಅಚ್ಚು ಮುಗಿದು ಎರಡನೆಯದಕ್ಕೆ ಕೈ ಹಾಕಿದೆ. ಅಷ್ಟು ಬೆಲ್ಲ ಬೇಕಾಗಿರಲಿಲ್ಲ.

ಇದೆಲ್ಲ ಶುರುವಾದದ್ದು ಅದಕ್ಕೆ ಒಂದು ತಿಂಗಳು ಮೊದಲು. ಮಗಳು ತನ್ನ ಹಳೆಯ ಫೋನನ್ನು ನನಗೆ ಕೊಟ್ಟಿದ್ದಳು. ಅದರಲ್ಲಿ ಕನ್ನಡ ಬರೆಯುವುದನ್ನು ಮೊಮ್ಮಗಳು ಹೇಳಿಕೊಟ್ಟಿದ್ದಳು. ಒಂದು ಬೆರಳಿನಲ್ಲಿ ಒತ್ತುವುದು, ಒತ್ತಕ್ಷರ ಬಂದರೆ ನಿಂತು ನೀರು ಕುಡಿದು ಮುಂದುವರಿಯುವುದು. ಪಕ್ಕದ ಕೋಣೆಯಲ್ಲಿದ್ದ ಅಳಿಯನಿಗೆ ‘ಕಾಫಿ ಉಂಟು’ ಎಂದು ಕಳಿಸಿ, ಅವರು ಎದ್ದು ಬರುವ ಮೊದಲೇ ‘ಈಗ ಇಲ್ಲ’ ಎಂದು ಕಳಿಸುತ್ತಿದ್ದೆ. ಅಳಿಯ ಮೈಸೂರು ಕಡೆಯವರು, ಬಹಳ ಸಭ್ಯರು, ಎರಡಕ್ಕೂ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಅವರಿಂದಾಗಿಯೇ ಮನೆಯಲ್ಲಿ ಕನ್ನಡ. ನಮ್ಮದು ಉಡುಪಿ, ನಾನು ಮತ್ತು ಮಗಳು ಜಗಳವಾಡುವುದಿದ್ದರೆ ತುಳುವಿನಲ್ಲಿ.

ಮೊಮ್ಮಗಳು ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದಿದವಳು. ಓದು ಮುಗಿಸಿ ಅಲ್ಲೇ ಒಂದು ಸಣ್ಣ ಆಫೀಸಿಗೆ ಸೇರಿದ್ದಳು. ಅಂಗಡಿಗಳಿಗೆ, ಕ್ಲಿನಿಕ್ಕುಗಳಿಗೆ ವೆಬ್‌ಸೈಟ್ ಮಾಡಿಕೊಡುವ ಆಫೀಸು. ಮೊದಲ ಮೂರು ತಿಂಗಳು ಪ್ರೊಬೇಷನ್, ಅದು ದಾಟಿದರೆ ಕೆಲಸ ಖಾಯಂ. ಅಷ್ಟೂ ದಿನ ಹುಡುಕಿ ಸಿಕ್ಕಿದ್ದ ಒಂದೇ ಒಂದು ಕೆಲಸ ಅದು. ಒಂದು ದಿನ ವಿಡಿಯೋದಲ್ಲಿ ಬಂದು ಕೇಳಿದಳು.

“ಅಜ್ಜಿ, ನಿನಗೊಂದು ಕೆಲಸ ಕೊಡ್ಲಾ?”

“ಸಂಬಳ ಉಂಟಾ?”

“ಇಲ್ಲ. ನೀನು ಇಂಟರ್ನ್. ಕೆಲಸ ಮಾಡ್ಬೇಕು, ಸಂಬಳ ಇರಲ್ಲ, ಎಲ್ರೂ ಬೈತಾರೆ.”

“ಓ, ಸೊಸೆ ಅನ್ನು. ಅದು ನಂಗೆ ಅಭ್ಯಾಸ ಉಂಟು.”

ಒಂದು ಹಾಸಿಗೆ ಅಂಗಡಿಗೆ ಅವಳು ವೆಬ್‌ಸೈಟ್ ಮಾಡಬೇಕಿತ್ತು. ತೆರೆದ ಕೂಡಲೇ ಮೊದಲು ಕಾಣುವ ದೊಡ್ಡ ಚಿತ್ರಕ್ಕೆ ಚಂದ್ರ ಬೇಕಿತ್ತು. ಅಮೆರಿಕ ಸರ್ಕಾರದ ಬಾಹ್ಯಾಕಾಶ ಸಂಸ್ಥೆಯ ಪುಟವನ್ನು ಅವಳು ನನ್ನ ಫೋನಿಗೆ ಕಳಿಸಿದಳು.

“ಇಲ್ಲಿ ಸಾವಿರಾರು ಫೋಟೋಸ್ ಇದೆ ಅಜ್ಜಿ. ಅವ್ರೇ ತೆಗೆದಿದ್ದು ಆಲ್‌ಮೋಸ್ಟ್ ಎಲ್ಲ ಪಬ್ಲಿಕ್ ಡೊಮೇನ್. ಯಾರ ಸ್ವಂತದ್ದೂ ಅಲ್ಲ, ಯಾರು ಬೇಕಾದ್ರೂ ಯೂಸ್ ಮಾಡ್ಬಹುದು. ಅವ್ರ ಲೋಗೋ ಮಾತ್ರ ಹಾಕ್ಬಾರ್ದು.”

“ಸಮುದ್ರದ ಹಾಗೆ. ಮೀನು ಯಾರೂ ಹಿಡಿಬಹುದು, ಸಮುದ್ರವೇ ನಂದು ಅನ್ನುವ ಹಾಗಿಲ್ಲ.”

“ಎಕ್ಸಾಕ್ಟ್ಲಿ! ಆದ್ರೆ ಕೆಳಗಡೆ ಹೆಸರು ನೋಡು. ಸಂಸ್ಥೆ ಹೆಸರಿದ್ರೆ ಓಕೆ. ಬೇರೆ ಯಾರೋ ಮನುಷ್ಯನ ಹೆಸರಿದ್ರೆ ಬಿಟ್ಬಿಡು, ಅದು ಅವ್ರದ್ದು. ಆ ಸೈಟಲ್ಲೇ ಹಾಕಿದ್ರೂ ಅವ್ರದ್ದೇ. ಅದೊಂದು ನೆನಪಿಟ್ಕೋ, ಪ್ಲೀಸ್.”

“ಆಯ್ತು ಮಾರಾಯ್ತಿ.”

“ಇನ್ನೊಂದು. ಚಂದ್ರ ಬಲಗಡೆ ಇರ್ಬೇಕು. ಎಡಗಡೆ ಬರೀ ಕಪ್ಪು ಇರ್ಬೇಕು, ಅಲ್ಲಿ ಬಿಳಿ ಅಕ್ಷರ ಬರತ್ತೆ. ಖಾಲಿ ಜಾಗ ಇಲ್ದೇ ಇದ್ರೆ ಎಷ್ಟು ಚೆನ್ನಾಗಿದ್ರೂ ವೇಸ್ಟ್.”

ಊಟವಾದ ಮೇಲೆ ದಿನವೂ ಕೂತು ಚಂದ್ರನನ್ನು ಹುಡುಕಿದೆ. ಮಗಳು ಚೈಲ್ಡ್‌ಕೇರ್ ಕೆಲಸಕ್ಕೆ ಹೋಗಿರುತ್ತಿದ್ದಳು. ಒಬ್ಬಳೇ ಇರುವ ಮಧ್ಯಾಹ್ನಗಳು ಅಷ್ಟು ಬೇಗ ಮುಗಿಯುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಕೆಂಪು ಮೋಡದಂಥವು, ನೀಲಿ ಸುಳಿಗಳು, ಉಂಗುರ ಹಾಕಿಕೊಂಡ ಶನಿ. ಕಂಡದ್ದನ್ನೆಲ್ಲ ಕಳಿಸಿದೆ. ಶನಿಯನ್ನು ಹಾಸಿಗೆ ಅಂಗಡಿಗೆ ಬೇಡ ಎಂದು ಹಿಂದೆಯೇ ಬರೆದೆ, ಅವನು ಮಲಗಲಿಕ್ಕೆ ಬಿಡುವವನಲ್ಲ.

ಚಂದ್ರನ ಚಿತ್ರಗಳಲ್ಲಿ ನನಗೊಂದು ಅಸಮಾಧಾನವಿತ್ತು. ಅವುಗಳಲ್ಲಿ ಮೊಲ ನೆಟ್ಟಗೆ ಇತ್ತು, ಉಡುಪಿಯಲ್ಲಿ ಕಾಣುವ ಹಾಗೆ. ಟೂಂಗಾಬಿಯಲ್ಲಿ ಬಟ್ಟೆ ಒಣಗಿಸುವ ತಂತಿಯ ಮೇಲೆ ಬರುವ ಚಂದ್ರನಲ್ಲಿ ಮೊಲ ತಲೆಕೆಳಗು. ಇಲ್ಲಿಗೆ ಬಂದ ಮೊದಲ ವರ್ಷ ನನ್ನ ಕುತ್ತಿಗೆಯದೇ ದೋಷ ಎಂದುಕೊಂಡಿದ್ದೆ. ಭೂಮಿಯ ಕೆಳಗಿನ ಅರ್ಧದಿಂದ ನೋಡಿದರೆ ಹಾಗೇ ಕಾಣುವುದು ಎಂದು ಅಳಿಯ ಕಿತ್ತಳೆ ಹಣ್ಣು ಹಿಡಿದು ತೋರಿಸಿದ್ದರು.

ಮೆಲ್ಬರ್ನಿನ ಜನ ಮಲಗುವುದು ಮೆಲ್ಬರ್ನಿನ ಚಂದ್ರನ ಕೆಳಗೆ. ಅವರಿಗೆ ನಮ್ಮೂರ ಚಂದ್ರನನ್ನು ತೋರಿಸಿ ಹಾಸಿಗೆ ಮಾರುವುದು ಮೋಸವಲ್ಲವೇ? ತಿರುಗಿಸಲು ಬಟನ್ ಇದೆ ಎಂದು ಮೊಮ್ಮಗಳು ಹೇಳಿದಳು. ತಿರುಗಿಸಿದ್ದು ತಿರುಗಿಸಿದ ಹಾಗೇ ಕಾಣುತ್ತದೆ ಎಂದು ನಾನು ಹಟ ಹಿಡಿದೆ.

ಹಾಗಿರುವಾಗ ಅದು ಸಿಕ್ಕಿತು. ಅದೇ ಸಂಸ್ಥೆಯ ಜಾಲತಾಣದಲ್ಲಿ ದಿನಕ್ಕೊಂದು ಚಿತ್ರ ಹಾಕುವ ಪುಟವಿದೆ, ಅಲ್ಲಿ. ಬಲಗಡೆಗೆ ತುಂಬು ಚಂದ್ರ, ಎಡಗಡೆ ಪೂರ್ತಿ ಕಪ್ಪು, ಮೊಲ ತಲೆಕೆಳಗು. ಆ ಚಂದ್ರನ ಅಂಚಿಗೆ ಸರಿಯಾಗಿ ರೆಕ್ಕೆ ಬಿಚ್ಚಿಕೊಂಡ ಒಂದು ಬಾವಲಿ. ಅದರ ರೆಕ್ಕೆಯ ಕಡ್ಡಿಗಳೂ ಕಾಣುತ್ತಿದ್ದವು. ಕೆಳಗೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಏನೋ ಇತ್ತು.

ಏನೋ ಏನು, ಒಬ್ಬ ಮನುಷ್ಯನ ಹೆಸರು. ನಾನು ಓದಿದೆ ಕೂಡ.

ಇಲ್ಲಿ ನನ್ನ ಕೈಯ ವಿಷಯ ಹೇಳಬೇಕು. ಉಡುಪಿಯಲ್ಲಿ ನನ್ನ ಗಂಡನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮದುವೆಯಾದ ವರ್ಷದಿಂದ ಅವರು ತೀರಿಕೊಳ್ಳುವವರೆಗೂ ನಾನು ಅಲ್ಲಿ ಕೂತು ಕೆಲಸ ಮಾಡಿದವಳು. ಮರ ಕೊಯ್ಯುವುದು ಅವರು, ಕಾಗದ ಕೊಯ್ಯುವುದು ನಾನು. ವರ್ಷ ಮುಗಿದ ಕೂಡಲೇ ಜನ ಕ್ಯಾಲೆಂಡರಿನ ದೇವರುಗಳನ್ನು ಸುರುಳಿ ಸುತ್ತಿಕೊಂಡು ಬರುತ್ತಿದ್ದರು. ಲಕ್ಷ್ಮಿ, ಗಣಪತಿ, ತೊಟ್ಟಿಲ ಕೃಷ್ಣ. ಪ್ರತಿ ದೇವರ ಕೆಳಗೂ ಯಾವುದೋ ಜವಳಿ ಅಂಗಡಿಯ ಹೆಸರು, ಸೋಡಾ ಫ್ಯಾಕ್ಟರಿಯ ಹೆಸರು. ಅದನ್ನು ಬ್ಲೇಡಿನಿಂದ ಕೊಯ್ದು ತೆಗೆದರೆ ಕಾಗದ ದೇವರಾಗುತ್ತದೆ. ಅಂಗಡಿಯ ಹೆಸರಿಗೆ ಯಾರು ದೀಪ ಹಚ್ಚುತ್ತಾರೆ?

ಗಂಡ ಹೇಳಿಕೊಟ್ಟ ನಿಯಮ ಒಂದೇ. ದೇವರ ಪಾದಕ್ಕೆ ಬ್ಲೇಡು ತಾಗಬಾರದು. ಹೆಸರು ಪಾದಕ್ಕೆ ಅಂಟಿಕೊಂಡೇ ಇದ್ದರೆ ಅಕ್ಷರದ ನಡುವೆ ಕೊಯ್ಯಿ, ತುದಿ ಉಳಿದರೂ ಅಡ್ಡಿಯಿಲ್ಲ. ಹಾಗಾಗಿ ನಾನು ಕೊಯ್ದ ದೇವರುಗಳ ಪಾದದ ಕೆಳಗೆ, ಕಟ್ಟಿನ ಅಂಚಿನಲ್ಲಿ, ಅರ್ಧ ಅಕ್ಷರಗಳ ತಲೆಗಳು ಇಣುಕುತ್ತಿರುತ್ತವೆ. ನಮ್ಮ ದೇವರ ಕೋಣೆಯಲ್ಲಿ ಎಲ್ಲರದೂ ಹಾಗೇ. ಇಲ್ಲಿಗೆ ತಂದ ಮೂರರಲ್ಲೂ ಹಾಗೇ.

ಫೋನಿನಲ್ಲಿ ಚಿತ್ರ ಕೊಯ್ಯುವುದನ್ನು ನಾನು ಯಾರಿಂದಲೂ ಕಲಿಯಲಿಲ್ಲ. ನಾಲ್ಕು ಮೂಲೆಗಳು ಕಂಡವು, ಕೆಳಗಿನದನ್ನು ಹಿಡಿದು ಮೇಲಕ್ಕೆ ದೂಡಿದೆ. ಎಷ್ಟೋ ವರ್ಷಗಳ ಮೇಲೆ ಕೈಗೆ ಬ್ಲೇಡು ಸಿಕ್ಕಿದಂತಾಯಿತು. ಹೆಸರು ಹೋಯಿತು, ಚಂದ್ರ ಉಳಿದ. ಅವನನ್ನು ಮೊಮ್ಮಗಳಿಗೆ ಕಳಿಸಿದೆ.

“ವಾವ್ ಅಜ್ಜಿ! ಇದು ಆ ಸೈಟ್‌ದೇ ತಾನೇ?” ಎಂದು ಕೇಳಿದಳು. ಆಫೀಸಿನಲ್ಲಿದ್ದಳು, ಅವಸರದಲ್ಲಿದ್ದಳು.

“ಅದರದ್ದೇ.”

“ಕೆಳಗೆ ಯಾರ್ದೂ ಹೆಸರಿಲ್ಲ ಅಲ್ವಾ?”

“ಎಂತದೂ ಇಲ್ಲ.”

ಆಗ ಇರಲಿಲ್ಲವಲ್ಲ. ಈ ಒಂದು ಮಾತನ್ನು ಆಮೇಲೆ ನಾನು ಎಷ್ಟು ಸಲ ನನಗೇ ಹೇಳಿಕೊಂಡೆನೋ ಲೆಕ್ಕವಿಲ್ಲ. ಕೇಳಿದಾಗ ಇರಲಿಲ್ಲ. ಸುಳ್ಳು ಹೇಳಲಿಲ್ಲ.

ಚೌತಿಯ ದಿನ ಅವಳು ಫೋನ್ ಮಾಡಿದ್ದು ಮಗಳಿಗೆ. ಹಬ್ಬಕ್ಕೆಂದು ಮಗಳು ರಜೆ ಹಾಕಿದ್ದಳು, ಸ್ಪೀಕರಿನಲ್ಲಿಟ್ಟು ಕಾಯಿ ತುರಿಯುತ್ತಿದ್ದಳು. ಮೊದಲು ಬರೀ ಮೂಗೆಳೆಯುವ ಸದ್ದು. ಆಮೇಲೆ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಕ್ರಾನ್‌ಬರ್ನ್‌ನ ಒಬ್ಬ ಮನುಷ್ಯ ಹಾಸಿಗೆ ಅಂಗಡಿಗೂ ಅವಳ ಬಾಸಿಗೂ ಪತ್ರ ಬರೆದಿದ್ದ. ಚಂದ್ರ ತನ್ನದು, ಬಾವಲಿ ತನ್ನದು, ಕದ್ದದ್ದೇ ಅಲ್ಲದೆ ಬೇಕೆಂದೇ ಹೆಸರನ್ನು ಕತ್ತರಿಸಿದ್ದಾರೆ. ಅಂಗಡಿಯವರು ಪುಟವನ್ನು ತೆಗೆಸಿದ್ದರು. ಸೋಮವಾರದೊಳಗೆ ಹೇಗಾಯಿತೆಂದು ಬರೆದು ಕೊಡಬೇಕು ಎಂದು ಬಾಸ್ ಹೇಳಿದ್ದರು. ಬರೆದದ್ದು ಸರಿಯಾಗದಿದ್ದರೆ ಕೆಲಸ ಹೋಗುತ್ತದೆ, ಯಾಕೆ ಹೋಯಿತು ಎನ್ನುವುದನ್ನೂ ಬರೆದೇ ಕಳಿಸುತ್ತಾರೆ. ಮುಂದೆ ಯಾವ ಆಫೀಸು ಕೇಳಿದರೂ ಬರುವ ಉತ್ತರ ಅದೇ. ಇನ್ನೊಬ್ಬರ ಚಿತ್ರ ಕದ್ದವಳು.

“ನೀನು ಕದ್ದೆಯಾ?” ಎಂದು ಮಗಳು ಕೇಳಿದಳು.

“ಅಮ್ಮಾ!”

“ಹೆಸರು ಕಟ್ ಮಾಡಿದ್ಯಾರು ಮತ್ತೆ?”

ಆ ಕಡೆ ಮೂಗು ಒರೆಸಿಕೊಂಡ ಸದ್ದು. “ಗೊತ್ತಿಲ್ಲ” ಅಂದಳು ಮೊಮ್ಮಗಳು.

ಮಗಳು ತುರಿಯುವುದನ್ನು ನಿಲ್ಲಿಸಿದಳು. “ಹೇಳಿದ್ದೆ ನಾನು. ಚೌತಿ ದಿನ ಚಂದ್ರನ್ನ ನೋಡ್ಬಾರ್ದು ಅಂತ. ಇವಳು ಕಂಪ್ಯೂಟರಿನಲ್ಲಿ ಬೆಳಗ್ಗಿಂದ ಸಂಜೆವರೆಗೆ ಚಂದ್ರನ್ನೇ ನೋಡಿಕೊಂಡು ಕೂತಿದ್ದಾಳೆ! ಅಪವಾದ ಬರದೆ ಇನ್ನೆಂತ ಬರ್ತದೆ? ಅಲ್ವಾ ಅಮ್ಮ?”

ಮುಳುಗುವವಳ ಕೈಗೆ ಒಂದು ಬಾಳೆದಿಂಡು ಸಿಕ್ಕಿತು. ನಾನು ಹಿಡಿದುಕೊಂಡೆ.

“ಅದೇ ಮತ್ತೆ. ಚೌತಿ ಚಂದ್ರ ಕೃಷ್ಣನನ್ನೇ ಬಿಡ್ಲಿಲ್ಲ” ಎಂದೆ.

ಪರಿಹಾರವೂ ನನಗೆ ಗೊತ್ತಿತ್ತು. ಚೌತಿಯ ಚಂದ್ರನನ್ನು ನೋಡಿದವರು ಶಮಂತಕ ಮಣಿಯ ಕತೆ ಕೇಳಬೇಕು, ಕೇಳಿದರೆ ಅಪವಾದ ಕಳೆಯುತ್ತದೆ. ಕೈ ತೊಳೆದು ಬಂದು ಫೋನಿನ ಎದುರು ಕೂತು ಮೊಮ್ಮಗಳಿಗೆ ಕತೆ ಹೇಳಿದೆ. ಸತ್ರಾಜಿತನ ಮಣಿಯನ್ನು ಅವನ ತಮ್ಮ ಹಾಕಿಕೊಂಡು ಬೇಟೆಗೆ ಹೋದದ್ದು, ಸಿಂಹ ಅವನನ್ನು ಕೊಂದದ್ದು, ಸಿಂಹವನ್ನು ಕೊಂದು ಜಾಂಬವಂತ ಮಣಿಯನ್ನು ಮಗುವಿಗೆ ಆಡಲು ಕೊಟ್ಟದ್ದು. ಊರೆಲ್ಲ ಕೃಷ್ಣನೇ ಕದ್ದ ಎಂದದ್ದು. ಸ್ವರ ಏರಿಸಿ ಇಳಿಸಿ ಹೇಳಿದೆ. ಮಗಳು ಕೈ ಮುಗಿದು ಕೇಳಿದಳು. ಮೊಮ್ಮಗಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

“ಮುಗೀತಾ ಅಜ್ಜಿ?”

“ಮುಗೀತು. ಇನ್ನು ಹೆದರ್ಬೇಡ.”

“ಸರಿ. ಬೇರೆ ಏನಾದ್ರೂ ಹೇಳೋದಿದೆಯಾ?”

“ಊಟ ಮಾಡು” ಎಂದೆ.

ಆ ದಿನದ ಪಂಚಕಜ್ಜಾಯವನ್ನು ನಾನು ಮುಟ್ಟಲಿಲ್ಲ. ಮರುದಿನ ಗುರುವಾರ, ಅನ್ನವನ್ನೂ ಮುಟ್ಟಲಿಲ್ಲ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಫೋನು ತೆಗೆದು ಗ್ಯಾಲರಿ ನೋಡಿದೆ. ಹೆಸರಿದ್ದ ಚಂದ್ರ ಹಾಗೇ ಕೂತಿದ್ದ. ಅವನ ಪಕ್ಕದಲ್ಲಿ ಹೆಸರಿಲ್ಲದ ಚಂದ್ರ. ಎರಡೂ ನನ್ನ ಫೋನಿನಲ್ಲಿ, ಒಂದರ ಪಕ್ಕ ಒಂದು, ಸಾಕ್ಷಿಗೆ ಬಂದವರ ಹಾಗೆ.

ಮೊಮ್ಮಗಳಿಗೆ ಬರೆಯಲು ಕೂತೆ. ‘ಮಗಾ, ಹೆಸರು ಕೊಯ್ದದ್ದು’ ಎಂದು ಬರೆದು ಅಳಿಸಿದೆ. ‘ನಿನಗೊಂದು ವಿಷಯ’ ಎಂದು ಬರೆದು ಅಳಿಸಿದೆ. ಬ್ಲೇಡಿನಿಂದ ಕೊಯ್ದದ್ದನ್ನು ಸೇರಿಸಲು ಬರುವುದಿಲ್ಲ, ಅದಕ್ಕೇ ಕೊಯ್ಯುವ ಮೊದಲು ಎರಡು ಸಲ ಅಳತೆ ಮಾಡುತ್ತಿದ್ದೆವು. ಈ ಫೋನಿನಲ್ಲಿ ಬರೆದದ್ದು ಬರೆಯದ ಹಾಗಾಗಲು ಒಂದು ಬೆರಳು ಸಾಕು. ಮಧ್ಯಾಹ್ನದವರೆಗೆ ಬರೆದೆ, ಅಳಿಸಿದೆ. ಅವಳಿಗೆ ನಾನೇನೋ ಬರೆಯುತ್ತಿದ್ದೇನೆ ಎಂದು ಆ ಕಡೆ ಮೂರು ಚುಕ್ಕಿ ಕುಣಿಯುತ್ತವೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಅವಳು ಆಫೀಸಿನಲ್ಲಿ ಕೂತು ಆ ಚುಕ್ಕಿಗಳನ್ನು ನೋಡುತ್ತಿದ್ದಳಂತೆ.

ಶುಕ್ರವಾರ ನಾನು ಇನ್ನೂ ಕೆಟ್ಟ ಕೆಲಸ ಮಾಡಿದೆ. ಹೆಸರಿದ್ದ ಚಂದ್ರನನ್ನು ಅಳಿಸಿಬಿಟ್ಟೆ. ಈಗ ನಾನು ಕೊಯ್ದೆ ಎನ್ನಲು ಏನೂ ಇಲ್ಲ, ಯಾರೂ ಇಲ್ಲ. ಫೋನು ತಣ್ಣಗೆ, ಚಿತ್ರ ಕಸದಬುಟ್ಟಿಯಲ್ಲಿದೆ, ಮೂವತ್ತು ದಿನ ಇಟ್ಟಿರುತ್ತೇನೆ, ಬೇಕಾದರೆ ಕೇಳಿ ಎಂದು ಹೇಳಿತು. ನನ್ನ ಅಮ್ಮನೂ ಹೀಗೇ ಇದ್ದಳು. ಬಚ್ಚಿಟ್ಟದ್ದನ್ನು ಕಂಡರೂ ಬಯ್ಯುತ್ತಿರಲಿಲ್ಲ, ಕಾಯುತ್ತಿದ್ದಳು.

ನೆಲದ ಮೇಲೆ ಕೂತುಬಿಟ್ಟೆ. ಒಂದು ಸಲ ಕೂತರೆ ಏಳಲು ಗೋಡೆ ಬೇಕಾದ ವಯಸ್ಸು ನನ್ನದು, ಗೋಡೆ ದೂರವಿತ್ತು. ಅಲ್ಲಿ ಕೂತಾಗ ಆ ಕತೆ ನೆನಪಾಯಿತು. ಕೃಷ್ಣನ ಮೇಲೆ ಅಪವಾದ ಬಂದಾಗ ಅವನು ಯಾರ ಬಾಯಿಂದಲೂ ಕತೆ ಕೇಳಿ ಪಾರಾಗಲಿಲ್ಲ. ಮಣಿಯನ್ನು ಹುಡುಕಿಕೊಂಡು ಗುಹೆಯೊಳಗೆ ಹೋದ. ತಂದು ಯಾರದ್ದೋ ಅವರ ಕೈಗೆ ಕೊಟ್ಟ. ನಮ್ಮ ಕತೆಯಲ್ಲಿ ಮಣಿ ಇದ್ದದ್ದು ನನ್ನ ಕೈಯಲ್ಲಿ, ಮಗುವಿನ ಕೈಯ ಆಟಿಕೆಯ ಹಾಗೆ.

ತೆವಳಿಕೊಂಡು ಗೋಡೆಯವರೆಗೆ ಹೋದೆ. ಚಂದ್ರನನ್ನು ಕಸದಬುಟ್ಟಿಯಿಂದ ಎತ್ತಿಕೊಂಡೆ. ಸಂಜೆ ಮಗಳಿಗೆ ಹೇಳಿದೆ, ನಂಗೆ ಮೆಲ್ಬರ್ನಿಗೆ ಹೋಗ್ಬೇಕು ಅಂತ.

“ಈಗ ಯಾಕಮ್ಮ? ಅವಳೇ ಟೆನ್ಷನ್ನಲ್ಲಿದ್ದಾಳೆ.”

“ಪ್ರಸಾದ ಕೊಡ್ಲಿಕ್ಕೆ.”

“ಪ್ರಸಾದ ಕೊಡ್ಲಿಕ್ಕೆ ಫ್ಲೈಟಾ?”

“ದೇವರ ವಿಷಯದಲ್ಲಿ ಪ್ರಶ್ನೆ ಕೇಳ್ಬೇಡ.”

ಮಗಳಿಗೂ ಹೇಳಲಿಲ್ಲ, ನೋಡಿ. ಅಷ್ಟು ಹೇಡಿ ನಾನು.

ಶನಿವಾರ ಬೆಳಿಗ್ಗೆ ವಿಮಾನ ಹತ್ತಿಸಿದರು. ಮೊಮ್ಮಗಳು ಕರೆದುಕೊಂಡು ಹೋಗಲು ಬಂದಿದ್ದಳು. ಎರಡು ಬೆರಳಿನಷ್ಟು ಬಡವಾಗಿದ್ದಳು. ಕ್ಲೇಟನ್‌ನಲ್ಲಿ ಅವಳು ಇನ್ನೂ ಮೂವರು ಹುಡುಗಿಯರ ಜೊತೆ ರೆಂಟಿಗಿದ್ದ ಮನೆ, ಅವಳ ಪಾಲಿಗೆ ಒಂದು ಕೋಣೆ. ಮೇಜಿನ ಮೇಲೆ ಕಂಪ್ಯೂಟರು, ಅದರಲ್ಲಿ ಅರ್ಧ ಬರೆದ ಪತ್ರ. ನನ್ನನ್ನು ಹಾಸಿಗೆಯ ಮೇಲೆ ಕೂರಿಸಿ ಅವಳು ನೆಲದಲ್ಲಿ ಕೂತಳು.

ಪಂಚಕಜ್ಜಾಯದ ಡಬ್ಬಿಯ ಮುಚ್ಚಳ ತೆಗೆದೆ. ಕೊಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಹೇಳಿದೆ.

“ಆ ಹೆಸರು ಕೊಯ್ದದ್ದು ನಾನು.”

“ಗೊತ್ತು ಅಜ್ಜಿ.”

“ಎಂತದು ಗೊತ್ತು?”

ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಆ ಚಂದ್ರನ ಕೆಳ ಅಂಚನ್ನು ದೊಡ್ಡದು ಮಾಡಿದಳು, ಮತ್ತೂ ದೊಡ್ಡದು ಮಾಡಿದಳು. ಕಪ್ಪಿನ ತುದಿಯಲ್ಲಿ ಬಿಳಿ ಅಕ್ಷರಗಳ ತಲೆಗಳು, ಕೂದಲೆಳೆಯಷ್ಟು, ಸಾಲಾಗಿ. ಹೆಸರು ಚಂದ್ರನ ಅಂಚಿನವರೆಗೆ ಬಂದಿತ್ತು. ಅವನ ಪಾದ ಕಡಿಯಬಾರದೆಂದು ನನ್ನ ಕೈ ತಾನಾಗಿಯೇ ಅಲ್ಲಿ ನಿಂತಿತ್ತು.

“ಆ ಮನುಷ್ಯ ಇದನ್ನ ನೋಡಿಯೇ ಕಂಡುಹಿಡಿದ. ನಾನೂ. ನಿನ್ನ ಲಕ್ಷ್ಮಿ ಕಾಲ್ಕೆಳಗೆ ಹೀಗೇ ಇದೆ. ಚಿಕ್ಕವಳಿದ್ದಾಗ ಅದು ಹುಲ್ಲು ಅಂದ್ಕೊಂಡಿದ್ದೆ.”

“ಬುಧವಾರವೇ ಗೊತ್ತಿತ್ತಾ? ನಾನು ಕತೆ ಹೇಳುವಾಗ?”

“ಹ್ಞೂಂ.”

“ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?”

“ನೀನು ಹೇಳ್ತೀಯಾ ಅಂತ ಕಾದೆ.” ಅವಳು ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. “ತುಂಬಾ ಚೆನ್ನಾಗಿ ಕತೆ ಹೇಳ್ದೆ ಅಜ್ಜಿ. ಸಿಂಹದ ವಾಯ್ಸ್ ಎಲ್ಲ ಮಾಡಿ.”

ನನಗೆ ಅಷ್ಟು ವಯಸ್ಸಾದ ಮೇಲೆ ಆದ ನಾಚಿಕೆಗೆ ಹೆಸರಿಲ್ಲ. ಅವಳು ಬರೆಯುತ್ತಿದ್ದ ಪತ್ರವನ್ನು ಓದಿ ಹೇಳು ಎಂದೆ. ನಾನು ಪರೀಕ್ಷಿಸದೆ ಹಾಕಿದೆ, ತಪ್ಪು ನನ್ನದು, ಕ್ಷಮಿಸಿ. ಎಲ್ಲ ಸಾಲಿನಲ್ಲೂ ನಾನು, ನಾನು. ಕೊಯ್ದವರು ಯಾರು ಎನ್ನುವುದೇ ಇರಲಿಲ್ಲ.

“ನನ್ನ ಹೆಸರು ಎಲ್ಲಿ?”

“ಅಜ್ಜಿ ಮಾಡಿದ್ದು ಅಂತ ಬರೀಲಾ? ಚಿಕ್ಕ ಮಗು ಥರ? ಯಾರೂ ನಂಬಲ್ಲ. ಮತ್ತೆ ಚೆಕ್ ಮಾಡ್ಬೇಕಾಗಿದ್ದು ನಾನು. ಬಾವಲಿ ಇದೆ ಅದ್ರಲ್ಲಿ, ಬಾವಲಿ! ಸ್ಪೇಸಲ್ಲಿ ಬಾವಲಿ ಹಾರತ್ತಾ? ಅವಸರದಲ್ಲಿ ಅಷ್ಟೂ ಹೊಳೀಲಿಲ್ಲ ನನಗೆ.”

“ಆದ್ರೂ ಕದ್ದವಳು ನೀನಲ್ಲ.”

“ಅದನ್ನ ಪ್ರೂವ್ ಮಾಡೋದು ಹೇಗೆ?”

ಇಬ್ಬರಿಗೂ ಗೊತ್ತಿರಲಿಲ್ಲ. ಆ ಮನುಷ್ಯನಿಗೆ ಅವಳು ಎರಡು ಸಲ ಕ್ಷಮೆ ಕೇಳಿ ಬರೆದಿದ್ದಳು. ಉತ್ತರ ಬಂದಿರಲಿಲ್ಲ. ಕ್ರಾನ್‌ಬರ್ನ್‌ನ ಭಾನುವಾರದ ಸಂತೆಯಲ್ಲಿ ಅವನು ತನ್ನ ಚಿತ್ರಗಳನ್ನಿಟ್ಟು ಕೂರುತ್ತಾನೆ ಎಂದು ಅವನ ಪುಟದಲ್ಲಿ ಇತ್ತು. ನಾನು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಕ್ಲೇಟನ್ನಿನಿಂದ ಒಂದೇ ಟ್ರೇನು.

ಮರುದಿನ ಟ್ರೇನಿನಲ್ಲಿ ಅವಳು ಕಿಟಕಿಗೆ ಹಣೆ ಒತ್ತಿಕೊಂಡಿದ್ದಳು. ನಾನು ಇಂಗ್ಲಿಷಿನಲ್ಲಿ ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದೆ. ಪ್ರತಿ ಸ್ಟೇಷನ್ನಿಗೂ ಒಂದೊಂದು ಪದ ಮರೆತುಹೋಗುತ್ತಿತ್ತು. ಅವನು ಬೈದು ಕಳಿಸಿದರೆ, ಇವಳ ಎದುರಿಗೇ ಬೈದರೆ, ಆಮೇಲೆ ನಾಳೆ ಇವಳು ಆಫೀಸಿಗೆ ಹೇಗೆ ಹೋಗುತ್ತಾಳೆ? ಮನೆಗೆ ವಾಪಸು ಹೋಗೋಣ ಎನ್ನಲು ಎರಡು ಸಲ ಬಾಯಿ ತೆರೆದೆ.

ಸಂತೆಯ ತುದಿಯಲ್ಲಿ, ಜೇನು ಮಾರುವವರ ಪಕ್ಕದಲ್ಲಿ ಅವನಿದ್ದ. ಅವನೇನು, ಅವರು. ನನ್ನಷ್ಟೇ ವಯಸ್ಸಾಗಿತ್ತು. ಮಡಚುವ ಕುರ್ಚಿ, ಹಳೆಯ ಟೋಪಿ, ಮೊಣಕಾಲಿಗೆ ಪಟ್ಟಿ. ಸುತ್ತಲೂ ಚಂದ್ರಂದಿರು. ಪ್ರತಿ ಚಂದ್ರನ ಕೆಳಗೂ ಪೆನ್ಸಿಲಿನಲ್ಲಿ ಬರೆದ ಹೆಸರು.

ಮೊಮ್ಮಗಳು ತಾನು ಯಾರೆಂದು ಹೇಳಿದಳು. ಅವರು ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಅವರ ಇಂಗ್ಲಿಷ್ ಅರ್ಧ ನನಗೆ ತಿಳಿಯಿತು, ಉಳಿದರ್ಧ ಮೊಮ್ಮಗಳು ಮೆಲ್ಲಗೆ ಹೇಳಿದಳು. ಆ ಬಾವಲಿಗಾಗಿ ಎಷ್ಟೋ ಹುಣ್ಣಿಮೆ ಕಾದಿದ್ದರಂತೆ. ಒಮ್ಮೆ ಮೋಡ, ಒಮ್ಮೆ ಮೊಣಕಾಲು. ಕೇಳಿದ್ದರೆ ಸುಮ್ಮನೇ ಕೊಡುತ್ತಿದ್ದೆ, ಎಂದರು. ಚಿತ್ರ ತೆಗೆದುಕೊಂಡದ್ದಕ್ಕೆ ಸಿಟ್ಟಿಲ್ಲ. ಹೆಸರನ್ನು ಯಾಕೆ ಕತ್ತರಿಸಬೇಕಿತ್ತು?

ನಾನು ಬಾಯಿಪಾಠ ಮಾಡಿದ್ದೆಲ್ಲ ಹೋಯಿತು.

“ಐ ಕಟ್,” ಎಂದೆ. “ಶೀ ನಾಟ್ ನೋ. ಮೈ ಹ್ಯಾಂಡ್.”

ಅವರು ನನ್ನ ಕಡೆ ತಿರುಗಿದರು. ಯಾಕೆ ಎಂದರು. ಕ್ಯಾಲೆಂಡರು, ದೇವರು, ಬ್ಲೇಡು, ಇದಕ್ಕೆಲ್ಲ ನನ್ನಲ್ಲಿ ಇಂಗ್ಲಿಷ್ ಇರಲಿಲ್ಲ. ಅವರ ಮೇಜಿನ ಮೇಲಿದ್ದ ಒಂದು ಚಂದ್ರನನ್ನು ಎಳೆದುಕೊಂಡು, ಕೆಳಗಿನ ಹೆಸರಿನ ಮೇಲೆ ಬೆರಳನ್ನು ಬ್ಲೇಡಿನ ಹಾಗೆ ಎಳೆದು ತೋರಿಸಿದೆ. ಅವರು ಗಾಬರಿಯಾಗಿ ಚಿತ್ರವನ್ನು ಕಸಿದುಕೊಂಡು ಎದೆಗೆ ಒತ್ತಿಕೊಂಡರು. ಜೇನಿನವಳು ನೋಡಿದಳು. ನನಗೆ ಅಳು ಬಂತು. ಸಂತೆಯ ನಡುವೆ, ಗೊತ್ತಿಲ್ಲದ ಜನರ ಎದುರು, ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಮೊಮ್ಮಗಳು ನನ್ನ ಬೆನ್ನ ಮೇಲೆ ಕೈ ಇಟ್ಟು, ನಿಂತಲ್ಲೇ ಕಟ್ಟು ಹಾಕುವ ಅಂಗಡಿಯ ವಿಷಯವನ್ನೆಲ್ಲ ಅವರಿಗೆ ಹೇಳಿದಳು. ನಾನು ಫೋನು ತೆಗೆದು ಇಬ್ಬರೂ ಚಂದ್ರರನ್ನು ತೋರಿಸಿದೆ, ಹೆಸರಿದ್ದವನು, ಇಲ್ಲದವನು. ಲಕ್ಷ್ಮಿಯ ಫೋಟೋವೂ ಇತ್ತು, ಅದನ್ನೂ ತೋರಿಸಿದೆ.

ಅವರು ಲಕ್ಷ್ಮಿಯ ಪಾದವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ಮೊಮ್ಮಗಳು ತಿರುಗಿಸಿ ಹೇಳಿದಳು.

“ಕ್ಯಾಲೆಂಡರ್ ಕೊಟ್ಟ ಅಂಗಡಿಯವ್ರಿಗೆ ಬೇಜಾರಾಗ್ತಿರ್ಲಿಲ್ವಾ ಅಂತ ಕೇಳ್ತಿದಾರೆ.”

ಫೋನನ್ನು ಹಿಂದೆ ತೆಗೆದುಕೊಂಡು ಆ ಪಾದವನ್ನು ನಾನೂ ನೋಡಿದೆ.

ಪತ್ರವನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ, ಬರೆದದ್ದು ಸುಳ್ಳಲ್ಲ, ಎಂದರು ಅವರು. ಇವತ್ತು ಕೇಳಿದ್ದನ್ನು ಮಾತ್ರ ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ, ಎಂದರು. ಹೊರಡುವಾಗ ನಾನು ಪಂಚಕಜ್ಜಾಯದ ಡಬ್ಬಿ ಮೇಜಿನ ಮೇಲಿಟ್ಟೆ. ಅವರು ಬೇಡ ಎನ್ನಲಿಲ್ಲ.

ಅವಳ ಕೋಣೆಗೆ ಬಂದು ನಾನೂ ಒಂದು ಪತ್ರ ಬರೆದೆ. ಕನ್ನಡದಲ್ಲಿ, ಒಂದು ಬೆರಳಿನಲ್ಲಿ. ಹೆಸರು ಕತ್ತರಿಸಿದವಳು ನಾನು, ಕೇಳಿದಾಗ ಇಲ್ಲ ಎಂದವಳೂ ನಾನು. ಈ ಸಲ ಅಳಿಸಲಿಲ್ಲ. ಮೊಮ್ಮಗಳು ಬೇಡ ಬೇಡ ಎನ್ನುತ್ತಲೇ ಇಂಗ್ಲಿಷಿಗೆ ತಿರುಗಿಸಿ ತನ್ನ ಪತ್ರದ ಜೊತೆ ಸೇರಿಸಿದಳು. ಕೆಳಗೆ ನನ್ನ ಪೂರ್ತಿ ಹೆಸರು, ಗಂಡನ ಅಂಗಡಿಯ ಹೆಸರು, ಊರು.

ಸೋಮವಾರ ಅವಳು ಹೋದ ಮೇಲೆ ಆ ಮನೆಯ ನಾಲ್ಕೂ ಹುಡುಗಿಯರ ಪಾತ್ರೆ ತೊಳೆದೆ. ಒಲೆ ಉಜ್ಜಿದೆ. ಅನ್ನ, ಸಾರು ಮಾಡಿದೆ. ಬಸ್ಸು ಬರುವ ರಸ್ತೆ ಕಿಟಕಿಯಿಂದ ಕಾಣುತ್ತಿತ್ತು. ಎಷ್ಟು ಬಸ್ಸು ಬಂತು, ಅವಳನ್ನು ಬಿಟ್ಟು ಎಲ್ಲರೂ ಇಳಿದರು. ಅವಳ ನಡಿಗೆಯಲ್ಲೇ ತಿಳಿಯುತ್ತದೆ ಎಂದುಕೊಂಡಿದ್ದೆ. ಕೊನೆಗೆ ಅವಳೂ ಇಳಿದಳು, ತಿಳಿಯಲಿಲ್ಲ.

ಬಾಗಿಲಲ್ಲಿ ಚೀಲ ಇಳಿಸಿದಳು.

“ಕೆಲಸ ಇಲ್ಲ ಅಜ್ಜಿ. ಚೆಕ್ ಮಾಡೋದೇ ನಿನ್ನ ಕೆಲಸ ಆಗಿತ್ತು ಅಂದ್ರು. ಫೇರ್ ಇನಫ್.”

“ಮತ್ತೆ?”

“ಕದ್ದಿದ್ದು ಅಂತ ಬರೆಯಲ್ಲ ಅಂದ್ರು. ಅವ್ರಿಗೂ ಪತ್ರ ಬಂದಿತ್ತು, ಕ್ರಾನ್‌ಬರ್ನಿಂದ. ಯಾರಾದ್ರೂ ಕೇಳಿದ್ರೆ, ತಪ್ಪು ಮಾಡಿದ್ಳು, ಒಪ್ಕೊಂಡ್ಳು ಅಂತ ಹೇಳ್ತಾರಂತೆ.” ಅವಳು ಶೂ ಬಿಚ್ಚದೆ ನೆಲದ ಮೇಲೆ ಕೂತಳು. “ನಿನ್ನ ಲೆಟರ್ ಓದಿದ್ರು. ಅಜ್ಜಿ ನಿಜವಾಗ್ಲೂ ಇದಾರಾ ಅಂತ ಕೇಳಿದ್ರು.”

“ನೀನೆಂತ ಹೇಳಿದೆ?”

“ದುರದೃಷ್ಟಕ್ಕೆ ಇದಾರೆ ಅಂದೆ.”

ಇಬ್ಬರೂ ನಗಲು ನೋಡಿದೆವು. ಅವಳದು ಅರ್ಧಕ್ಕೆ ಅಳುವಾಯಿತು. ತಟ್ಟೆಗೆ ಅನ್ನ ಹಾಕಿ ಕೈಯಲ್ಲಿ ಕೊಟ್ಟೆ. ಅತ್ತುಕೊಂಡೇ ಉಂಡಳು, ಎರಡನೇ ಸಲವೂ ಹಾಕಿಸಿಕೊಂಡಳು. ನಾನೂ ಉಂಡೆ, ಐದು ದಿನದ ಮೇಲೆ.

ಈಗ ಟೂಂಗಾಬಿಗೆ ಬಂದಿದ್ದೇನೆ. ಅವಳು ಅಲ್ಲಿ ಮತ್ತೆ ಕೆಲಸ ಹುಡುಕುತ್ತಿದ್ದಾಳೆ, ಇನ್ನೂ ಸಿಕ್ಕಿಲ್ಲ. ಮಗಳಿಗೆ ಎಲ್ಲ ಹೇಳಿದೆ. ಎರಡು ದಿನ ತುಳುವಿನಲ್ಲಿ ಬೈದಳು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನಾನು ಮೂರು ದೇವರುಗಳನ್ನು ಗೋಡೆಯಿಂದ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಗಣಪತಿಯ ಕೆಳಗಿನದು ಸೋಡಾ ಫ್ಯಾಕ್ಟರಿ, ಒಂದು ಅಕ್ಷರದ ತಲೆಕಟ್ಟಿನಿಂದ ಗುರುತು ಸಿಕ್ಕಿತು. ಅವರು ಪ್ರತಿ ವರ್ಷ ತಾವೇ ಬಂದು ಕ್ಯಾಲೆಂಡರು ಕೊಟ್ಟು ಹೋಗುತ್ತಿದ್ದರು, ನನ್ನ ಗಂಡ ಅದನ್ನು ಅವರ ಎದುರಿಗೇ ಮಡಚಿ ಇಡುತ್ತಿದ್ದರು. ಕೃಷ್ಣನದು ಯಾವುದೋ ಜವಳಿ ಅಂಗಡಿ, ಅಲ್ಲಿಂದಲೇ ನನ್ನ ಮದುವೆಯ ಸೀರೆ ಬಂದದ್ದಿರಬೇಕು. ಲಕ್ಷ್ಮಿಯ ಪಾದದ ಕೆಳಗೆ ನಾಲ್ಕು ಅಕ್ಷರಗಳ ತುದಿಗಳಿವೆ. ಮೊಮ್ಮಗಳು ಹುಲ್ಲು ಎಂದುಕೊಂಡದ್ದು. ಕನ್ನಡಕ ಹಾಕಿ ನೋಡಿದೆ, ಫೋನಿನಲ್ಲಿ ದೊಡ್ಡದು ಮಾಡಿಯೂ ನೋಡಿದೆ. ಅದು ಯಾರ ಹೆಸರೆಂದು ಎಷ್ಟು ನೆನಪಿಸಿಕೊಂಡರೂ ಬರುತ್ತಿಲ್ಲ.